ಆರು ನಂಬರಿನ ಪೆಟ್ಟಿಗೆ

ದುರ್ಗಿಗುಡಿಯ ಬೂಟಿನಂಗಡಿಯಲ್ಲಿ ನನ್ನ ಕೆಲಸ.
ಜೂನ್ ಬಂತೆಂದರೆ ಶಾಲೆಯ ಕರಿ ಬೂಟುಗಳ ಗುಡ್ಡೆ;
ಒಂದೊಂದರ ಮೂಗಿನೊಳಗೂ ಒಂದು ಪುಟ್ಟ ಪೊಟ್ಟಣ,
ತಿನ್ನಬೇಡಿ ಎಂದು ಇಂಗ್ಲಿಷಿನಲ್ಲಿ ಬೆದರಿಸುವುದು.
ಗಿರಾಕಿ ಎಸೆಯುತ್ತಾನೆ. ನಾನು ಜೇಬಿಗಿಳಿಸುತ್ತೇನೆ.
ಸಾಹುಕಾರರು ಒಮ್ಮೆ ಕೇಳಿಯೇಬಿಟ್ಟರು:
ಏನ್ರೀ ತೀರ್ಥಪ್ಪ, ಮನೇಲಿ ಇದರ ಸಾರು ಮಾಡ್ತೀರಾ?

ಸಾರಲ್ಲ. ಹೂವು.

ಜಲಜಾಕ್ಷಿ ಪೊಟ್ಟಣ ಕತ್ತರಿಸಿ
ಬಿಸ್ಕತ್ತಿನ ತಗಡು ಡಬ್ಬಿಗೆ ನೀಲಿ ಹರಳು ಸುರಿಯುತ್ತಾಳೆ,
ತೊಟ್ಟು ಗಿಡ್ಡ ಮಾಡಿದ ಗುಲಾಬಿಯನ್ನು ಮುಖ ಮೇಲಾಗಿ ನಿಲ್ಲಿಸಿ
ಚಮಚ ಚಮಚವಾಗಿ, ಎಸಳು ಎಸಳಿನ ಸಂದಿಗೆ,
ಮಗುವಿಗೆ ಗಂಜಿ ಕುಡಿಸುವ ನಿಧಾನದಲ್ಲಿ ಹೂಳುತ್ತಾಳೆ.
ಐದು ದಿನ ಮುಚ್ಚಳ ಮುಟ್ಟುವ ಹಾಗಿಲ್ಲ;
ಮೂರನೇ ದಿನ ಇಣುಕಿ ಬೈಸಿಕೊಂಡಿದ್ದೇನೆ.
ಆಮೇಲೆ ಪಾಲಿಶ್ ಬ್ರಷ್ಷಿನ ಮೆತ್ತನೆ ತುದಿಯಿಂದ ಕೊಡವಿದರೆ
ಮೊನ್ನೆಯ ಕೆಂಪು ಮೊನ್ನೆಯಂತೆಯೇ.
ನೀರು ಕುಡಿದ ಹರಳು ಈಗ ಗುಲಾಬಿ ಬಣ್ಣ.
ರೊಟ್ಟಿಗೆ ಬಾರದ ಹಳೆ ಕಾವಲಿಯಲ್ಲಿ ಹುರಿದರೆ ಮತ್ತೆ ನೀಲಿ.

ದಾಸವಾಳ ಒಣಗಿ ಶಾಯಿ ಬಿದ್ದ ಕರವಸ್ತ್ರವಾಯಿತು.
ಸಂಪಿಗೆ ಒಲಿಯಲೇ ಇಲ್ಲ, ಎಷ್ಟು ಹುಷಾರಿದ್ದರೂ ಕಂದು.
ಸೇವಂತಿಗೆ ಒಳ್ಳೆಯವಳು, ಹೇಳಿದ ಮಾತು ಕೇಳುತ್ತಾಳೆ.
ಉಳಿದವರೆಲ್ಲ ಈಗ ಬೀರುವಿನ ಮೇಲೆ, ಬೂಟಿನ ಪೆಟ್ಟಿಗೆಗಳಲ್ಲಿ:
ಹೆಂಗಸರದು, ಕಂದು, ಆರು ನಂಬರು ಎಂಬ ಚೀಟಿಯ ಕೆಳಗೆ
ಅವಳ ಗುಂಡು ಅಕ್ಷರ: ಹಳದಿ ಸೇವಂತಿಗೆ, ದೀಪಾವಳಿಯ ಮಾರನೇ ದಿನ.
ವಾಸನೆ ಮಾತ್ರ ಒಂದಕ್ಕೂ ಉಳಿದಿಲ್ಲ.
ಅದಕ್ಕೇ ಇವು ನನಗೆ ಸರಿ, ಅನ್ನುತ್ತಾಳೆ.

ಆ ಜ್ವರ ಬಂದು ಹೋದಮೇಲೆ ಅವಳ ಮೂಗು ಮರಳಲಿಲ್ಲ.
ಒಲೆಯ ಮೇಲೆ ಹಾಲು ಸೀದು ಕರಿಯಾಗುತ್ತಿದ್ದರೆ
ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದಳು.
ತವರಿಗೆ ತಿಳಿಸಿಲ್ಲ.

ಹಾಗಾಗಿ ಸೊರಬದ ಹುಚ್ಚಮ್ಮತ್ತೆ ಫಾಲ್ಗುಣದಲ್ಲಿ
ಬಸ್ಸಿನ ಕಂಡಕ್ಟರ ಕೈಲಿ ಎಂದಿನಂತೆ ಸುರಗಿ ಕಳಿಸಿದರು,
ಅರಳುವ ಮೊದಲೇ ಕೊಯ್ದ ಮೊಗ್ಗು, ಬಾಳೆಲೆಯಲ್ಲಿ ಕಟ್ಟಿ.
ಸುರಗಿಗೆ ಹರಳು ಬೇಡ, ಡಬ್ಬಿ ಬೇಡ,
ನೆರಳಲ್ಲಿ ಮೊರದ ಮೇಲೆ ಹರವಿದರಾಯಿತು.
ಬಣ್ಣ ಬಿಟ್ಟುಕೊಡುತ್ತದೆ, ಗಂಧ ಬಿಡುವುದಿಲ್ಲ.
ದಿನಕ್ಕೆರಡು ಸಲ ಕೈಯಾಡಿಸಿದಳು.
ಹಳೇ ಪಂಚೆಯಲ್ಲಿ ಚೀಲ ಹೊಲಿದು, ತುಂಬಿ, ನನ್ನ ಮುಂದೆ ಹಿಡಿದಳು:
ಹೇಳಿ.

ಏನು ಹೇಳಲಿ? ಚೆನ್ನಾಗಿದೆ, ಅಂದೆ.
ಬೂಟೂ ಚೆನ್ನಾಗಿರುತ್ತೆ, ಅಂದಳು.
ಅಂದಿನಿಂದ ಸಂಜೆ ಕೈಕಾಲು ತೊಳೆದು ವರದಿ ಒಪ್ಪಿಸುತ್ತೇನೆ:
ಇವತ್ತು ಜೇನು, ಮೇಲೆ ಒಂದಿಷ್ಟು ಮೆಣಸು.
ಇವತ್ತು ನಿಮ್ಮಜ್ಜಿಯ ಟ್ರಂಕಿನ ತಳ.
ಇವತ್ತು ಮದುವೆ ಚಪ್ಪರದಲ್ಲಿ ಯಾರೋ ಪಕ್ಕ ಹಾದುಹೋದ ಹಾಗೆ.
ಯಾರು? ಅಂದಳು ತಕ್ಷಣ.

ಚೀಲ ಇರುವುದು ನನ್ನ ಅಂಗಿಗಳ ನಡುವೆ.
ಚಪ್ಪಲಿಗೆ ಕಾಲು ಕೊಟ್ಟು ಕೂತ ಮುದುಕಿಯೊಬ್ಬರು
ರಬ್ಬರು, ತೊಗಲು, ಅಂಟಿನ ಆ ಗಾಳಿಯಲ್ಲಿ
ಬಗ್ಗಿದ ನನ್ನತ್ತ ಮೂಗೆತ್ತಿ,
ಸುರಗಿ ಕಾಲ ಮುಗೀತಲ್ಲ ತಮ್ಮಾ, ಎಂದರು.
ಗಾಬರಿಯಲ್ಲಿ ಎರಡು ನಂಬರು ದೊಡ್ಡದು ತಂದುಕೊಟ್ಟೆ.

ಮೊನ್ನೆ ನನಗೆ ನೆಗಡಿ.
ಚೀಲದಲ್ಲಿ ಮುಖವಿಟ್ಟರೆ ಬರೀ ಬಟ್ಟೆ.
ಆದರೂ ಅವಳು ಕಾಯುತ್ತಿದ್ದಳು. ಜೇನು, ಅಂದೆ,
ನಿನ್ನೆಗಿಂತ ಒಂಚೂರು ಕಡಿಮೆ.
ನಕ್ಕುಬಿಟ್ಟಳು. ಜೇನಲ್ಲ ರೀ, ನಿಮ್ಮ ಬಾಯಲ್ಲಿ ಅದು ಜೇದು.

ಚೀಲ ಬಿಚ್ಚಿಟ್ಟುಕೊಂಡು ಇಬ್ಬರೂ ಸುಮ್ಮನೆ ಕೂತೆವು.
ಕೆಳಗಿನ ಮನೆಯ ಸುಹೇಲ ಸಕ್ಕರೆಗೆಂದು ಬಂದವನು
ಲೋಟ ಹಿಡಿದು ಹೊಸ್ತಿಲಲ್ಲೇ ನಿಂತ.
ಆಂಟೀ, ಏನಿದು?

ಸಕ್ಕರೆ ಆಮೇಲೆ, ಅಂದಳು ಜಲಜಾಕ್ಷಿ,
ಒಳಗೆ ಬಾ. ಏನು ಅಂತ ನೀನೇ ಹೇಳು.