ಮೂವತ್ತೆರಡು ಸಿಕ್ಕಾ

ಉದ್ಯಮಬಾಗದ ಒಳರಸ್ತೆ. ಶೆಡ್ಡಿಗೆ ಬೋರ್ಡಿಲ್ಲ.
ಬಾಗಿಲಲ್ಲಿ ಲೋಹದ ಸಿಬಿರು, ಸುರುಳಿ ಸುರುಳಿ,
ಕ್ಷೌರದಂಗಡಿಯ ಮುಂದೆ ಗುಡಿಸಿಟ್ಟ ಕೂದಲ ಹಾಗೆ.
ನನ್ನ ಬ್ಯಾಗಿನಲ್ಲಿ ಮೂವತ್ತೆರಡು ಹಾಳೆ:
ಸದರಿ ವಿದ್ಯಾರ್ಥಿಯು ನಮ್ಮ ಕಾರ್ಖಾನೆಯಲ್ಲಿ
ನಾಲ್ಕು ವಾರ ತರಬೇತಿ ಪಡೆದಿರುತ್ತಾನೆ.
ಏಳು ಹುಡುಗಿಯರ ಹಾಳೆಯಲ್ಲೂ
‘ಪಡೆದಿರುತ್ತಾನೆ’ ಎಂದೇ ಇದೆ.

ಒಳಗೆ ಭರಮಾ ಕಡೋಲ್ಕರ.
ಐದನೇ ಸೆಮಿಸ್ಟರಿಗೆ ಕಾಲೇಜು ಬಿಟ್ಟವನು.
ಮಾಪನಶಾಸ್ತ್ರದಲ್ಲಿ ಅವನನ್ನು ಎರಡು ಸಲ
ಫೇಲು ಮಾಡಿದವನು ನಾನು.
ಲೇಥು ನಿಲ್ಲಿಸಿ ಬನಿಯನ್ನಿಗೆ ಕೈ ಒರೆಸಿದ,
ಕೈ ಇನ್ನಷ್ಟು ಕಪ್ಪಾಯಿತು.
‘ಬರ್ರಿ ಸರ್. ಚಹಾ ಹೇಳ್ಲಿ?’

ಹಾಳೆಗಳನ್ನು ಇಸ್ಪೀಟಿನೆಲೆಯಂತೆ ಸರಿಸಿ ನೋಡಿದ.
‘ಇವ್ರೆಲ್ಲಾ ಯಾವಾಗ ಬಂದಿದ್ರು ಸರ್?
ನಾ ಊರಿಗೆ ಹೋದಾಗೇನು?’
ಅಣಕವಲ್ಲ. ಅಣಕವಾಗಿದ್ದರೆ
ನನಗೆ ಉತ್ತರ ಹೊಳೆಯುತ್ತಿತ್ತು.

ಸೋಮವಾರದೊಳಗೆ ಕೊಡಬೇಕು ಅಂದೆ. ಪೋರ್ಟಲು ಅಂದೆ.
ದೊಡ್ಡ ಕಂಪನಿಯವರು ಗೇಟಿನಿಂದಲೇ
ತಿರುಗಿಸಿ ಕಳಿಸುತ್ತಾರೆ ಅಂದೆ.
ಅವನು ಹೂಂಗುಡುತ್ತ, ಆಗಷ್ಟೇ ಇಳಿಸಿದ ಶಾಫ್ಟನ್ನು
ಮೈಕ್ರೋಮೀಟರಿನ ಜೊತೆ ನನ್ನ ಕೈಗಿಟ್ಟ.
‘ಇದನ್ನೊಂದು ನೋಡಿ ಹೇಳ್ರಿ. ನನ್ನ ಚಾಳೀಸು ಮನ್ಯಾಗದ.’
ಅವನಿಗೆ ಚಾಳೀಸು ಬಂದಿಲ್ಲ, ನನಗೆ ಗೊತ್ತು.

ಶಾಫ್ಟು ಹಂಚಿನಿಂದ ತೆಗೆದ ರೊಟ್ಟಿಯಷ್ಟು ಬಿಸಿ.
ಈ ಕೈಯಿಂದ ಆ ಕೈಗೆ ಬದಲಿಸುತ್ತ ಅಳೆದೆ,
ಕಣ್ಣು ಕಿರಿದು ಮಾಡಿ ಗೀಟು ಎಣಿಸಿದೆ.
ಇಪ್ಪತ್ನಾಲ್ಕರ ಮೇಲೆ ಒಂದು ಪಾಯಿಂಟು.
‘ಹೆಚ್ಚಿದೆ ಭರಮಾ’ ಅಂದೆ,
ಹಳೆಯ ಗಂಟಲಿನಲ್ಲಿ, ಕೆಂಪು ಪೆನ್ನಿನ ಗಂಟಲಿನಲ್ಲಿ.

‘ಹೌದೇನ್ರಿ’ ಅಂದ. ‘ಚಹಾ ಕುಡೀರಿ ಮೊದ್ಲ.’

ಕುಡಿದೆವು. ಮಗಳು ಶಾಲೆಗೆ ಹೋಗುತ್ತಾಳಂತೆ.
ಎರಡನೇ ಲೇಥು ಕಂತಿನ ಮೇಲೆ ತಂದದ್ದಂತೆ.
ರಸ್ತೆಯಾಚೆ ಫೌಂಡ್ರಿಯ ಹೊಗೆ
ಮಳೆಗಾಲದ ಸೊಳ್ಳೆಗೂ ಒಳ್ಳೇದಂತೆ.
ಲೋಟ ಕೆಳಗಿಟ್ಟು, ‘ಈಗ ನೋಡ್ರಿ’ ಅಂದ.

ಇಪ್ಪತ್ನಾಲ್ಕು. ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

ಕಾಸಿದರೆ ಉಕ್ಕು ಹಿಗ್ಗುತ್ತದೆ:
ಹತ್ತೊಂಬತ್ತು ವರ್ಷ ಬರೆಸಿದ್ದೇನೆ ಈ ಸಾಲನ್ನು.
ಹಿಗ್ಗುವ ಪ್ರಮಾಣ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯೇನು,
ದಶಾಂಶದ ಸೊನ್ನೆ ಒಂದೂ ಬಿಡದೆ.
ಅಂಗೈ ಸುಡುತ್ತಿತ್ತು, ಸೂತ್ರ ನೆನಪಾಗಲಿಲ್ಲ.

ಭರಮಾ ನಗಲಿಲ್ಲ.
ಡ್ರಾವರಿನಿಂದ ಸಿಕ್ಕಾ ತೆಗೆದು
ಬಾಯಿಯಿಂದ ಹಾ ಎಂದು ಉಸಿರು ಬಿಟ್ಟು, ಒತ್ತತೊಡಗಿದ.
ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ.
ಬೇಡ ಅನ್ನಲಿ ಅಂತಲೂ.
‘ನೀವ ಬಂದೀರಿ. ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ರಿ.’
ಇಪ್ಪತ್ತರ ನಂತರ ಶಾಯಿ ಮಂಕಾಯಿತು.
ಕೊನೆಯವರ ತರಬೇತಿ ಕಣ್ಣಿಗೇ ಕಾಣುವುದಿಲ್ಲ.

ಹೊರಡುವಾಗ ಇನ್ನೊಂದು ಶಾಫ್ಟು ಕೊಟ್ಟ:
‘ಇದು ಖರೇನ ಕೆಟ್ಟದ್ದು. ನನ್ನ ಕೈಯಾಗ ಕೆಟ್ಟದ್ದು. ಒಯ್ರಿ.’

ಹಾಳೆಗಳನ್ನು ಆಫೀಸಿಗೆ ಕೊಟ್ಟೆ. ಹೌದು, ಕೊಟ್ಟೆ.
ಗುಮಾಸ್ತ ಎಣಿಸಿ, ಸರಿಯಿದೆ ಅಂದ.

ಮರುದಿನ ಕ್ಲಾಸಿನಲ್ಲಿ ಕೆಟ್ಟ ಶಾಫ್ಟನ್ನು
ಮೊದಲ ಬೆಂಚಿಗೆ ಕೊಟ್ಟೆ. ನೋಡಿ ದಾಟಿಸಿ ಅಂದೆ.
ಒಬ್ಬ ಮೂಸಿದ. ಒಬ್ಬ ಫೋಟೋ ತೆಗೆದ.
ಒಬ್ಬಳ ಜರ್ನಲ್ಲಿಗೆ ಎಣ್ಣೆ ಹತ್ತಿ ಬೇಸರವಾಯಿತು.
ಹಿಂದೆ, ಕಿಟಕಿಯ ಬದಿಗೆ, ಸುಮಿತ್ರಾ ಹಂಜಿ
ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಳು,
ಉಗುರಿನಿಂದ ಒಂದೇ ಜಾಗವನ್ನು ಮತ್ತೆ ಮತ್ತೆ ಸವರುತ್ತ.

ಗಂಟೆಯಾಯಿತು. ಡಸ್ಟರು, ಹಾಜರಿ ಪುಸ್ತಕ, ಚಷ್ಮಾ
ಎಲ್ಲ ಬ್ಯಾಗಿಗೆ ಹಾಕಿಕೊಂಡೆ.
ಶಾಫ್ಟು ವಾಪಸು ಬರಲಿಲ್ಲ.
ಕೇಳಲಿಲ್ಲ.