ಒಂಬತ್ತನೇ ಯಂತ್ರ

ಇಪ್ಪತ್ತೆರಡು ಕಂಪ್ಯೂಟರು, ಓಡುವವು ಹದಿನೈದು,
ಕಾಯುವವರೆಷ್ಟು ಎಂದು ಎಣಿಸುವುದನ್ನು ಬಿಟ್ಟಿದ್ದೇನೆ.
ಏಳಕ್ಕೆ ನಾನು ಬೀಗ ತೆಗೆಯುವ ಹೊತ್ತಿಗೆ
ಗುಡ್ಡದ ಕೆಂಪು ಮಣ್ಣು ಮೆತ್ತಿದ ಚಪ್ಪಲಿಗಳು ಮೆಟ್ಟಿಲ ತುಂಬ,
ಕೆಲವರ ಕೈಯಲ್ಲಿ ಕಾಗದ ಸುತ್ತಿದ ಮೊಫೊ ಗಾಸಿ,
ಇನ್ನೂ ಬಿಸಿ, ಪಡ್ಡಿನ ಹಾಗೆ ಗುಂಡಗೆ.
ಒಳಗೆ ತಿನ್ನಬೇಡಿ ಅನ್ನುತ್ತೇನೆ.
ತಿನ್ನುತ್ತಾರೆ.

ತಲೆಗೆ ನಲವತ್ತು ನಿಮಿಷ. ಚೀಟಿ ಕೊಡುವವಳು ನಾನು,
ಬಕೂಲಿ, ಕೀಲಿಗೊಂಚಲಿನವಳು.
ಫಿಯನಾರಂತ್ಸುವಾ ಎಂದರೆ ಒಳ್ಳೆಯದನ್ನು ಕಲಿಯುವ ಊರಂತೆ;
ಹೆಸರಿಟ್ಟವರಿಗೆ ಕರೆಂಟು ಹೋಗುವ ವೇಳೆ ತಿಳಿದಿರಲಿಲ್ಲ.

ಒಂಬತ್ತರ ಚೀಟಿ ಯಾರಿಗೂ ಬೇಡ.
ಅದರಲ್ಲಿ ಆ ಗುಂಡಿ ಇಲ್ಲ.
ಫ್ರೆಂಚರ ಕೀಲಿಮಣೆ, ಮೇಲಿನ ಸಾಲು, ಎಡತುದಿ:
ಹಲ್ಲು ಬಿದ್ದ ಜಾಗ.
ಬೇರೆ ಅಕ್ಷರ ಹೋಗಿದ್ದರೆ ಹೇಗೋ ನಡೆಯುತ್ತಿತ್ತು,
ನಮ್ಮದು ‘ಆ’ ಇಲ್ಲದೆ ಉಸಿರಾಡದ ಭಾಷೆ.
ಮಾತಿನ ತುದಿಯ ‘ಆ’ವನ್ನು ನುಂಗಿಬಿಡುತ್ತೇವೆ, ನಿಜ,
ಬಾಯಿ ನುಂಗಿದ್ದನ್ನು ಬರಹ ನುಂಗುವ ಹಾಗಿಲ್ಲ.

ತಡವಾಗಿ ಬಂದು ಅಲ್ಲಿ ಕೂತಳು ಹನಿತ್ರಿನಿಯಾಲ,
ಕಪ್ಪೆಗಳ ಮೇಲೆ ಪ್ರಬಂಧ ಬರೆಯುವ ಹುಡುಗಿ.
ಹೆಸರು ಹೊಡೆದಳು: ಮೂರು ತೂತು.
ಹಿಂದೆಯೇ ರಸುವನಂದ್ರಸನ: ಇನ್ನಾರು.
ಬಲೆಯಂಥ ಹೆಸರನ್ನು ಒಂದು ಗಳಿಗೆ ನೋಡಿದಳು,
ಯಾರೋ ಬಿಟ್ಟುಹೋದ ಶುಲ್ಕದ ಅರ್ಜಿ ತೆರೆದು
ಅದರಿಂದ ಒಂದು ‘ಆ’ ಎತ್ತಿಕೊಂಡಳು,
ಪಕ್ಕದ ಮನೆಯಿಂದ ಒಲೆಗೆ ಕೆಂಡ ತಂದ ಹಾಗೆ.
ಅಂಟಿಸಿದಳು, ಅಂಟಿಸಿದಳು, ನಲವತ್ತು ನಿಮಿಷಕ್ಕೆ ಅರ್ಧ ಪುಟ.
ಏಳುವ ಮುನ್ನ ಮುಂದಿನವರಿಗೆಂದು
ಪರದೆಯ ಮೂಲೆಯಲ್ಲೊಂದು ಕಡತ ಇಟ್ಟಳು. ಅದರೊಳಗೆ
ಒಂದು ಸಾಲು ‘ಆ’. ಮತ್ತೇನಿಲ್ಲ.

ಶುಕ್ರವಾರ ಸಂಜೆ ಎಲ್ಲ ಅಳಿಸಬೇಕು, ನಿಯಮ.
ಅಳಿಸಿದೆ. ಅದೊಂದನ್ನು ಬಿಟ್ಟು.

ಚಂಡಮಾರುತದ ತಿಂಗಳು ಕಳೆಯುವಷ್ಟರಲ್ಲಿ ಹನ್ನೊಂದು ಪುಟ.
ಸಣ್ಣ ‘ಆ’, ದೊಡ್ಡ ‘ಆ’ (ವಾಕ್ಯದ ಮೊದಲಿಗೆ ಬೇಕಲ್ಲ),
ನಡುನಡುವೆ ಯಾರಯಾರದೋ ಮಾತು.
‘ಮೌಸು ಬಲಕ್ಕೇ ಓಡುತ್ತದೆ, ಪುಸಲಾಯಿಸಿ.’
‘ನಾಲ್ಕೂವರೆಗೆ ಕರೆಂಟು ಹೋಗುತ್ತೆ, ನಾಲ್ಕಕ್ಕೇ ಉಳಿಸಿಕೊ.’
‘ಸುಲುಫು, ನೀನು ಪಾಸು. ಗೋಡೆಯ ಪಟ್ಟಿ ತಪ್ಪು.’
‘ನೀಲಿ ಪೆನ್‌ಡ್ರೈವ್ ಸಿಕ್ಕಿದೆ, ಒಳಗೆ ಒಬ್ಬ ಅಜ್ಜಿಯ ಫೋಟೊ ಮಾತ್ರ,
ಬಕೂಲಿ ಹತ್ತಿರ ಕೇಳಿ.’
ಯಾರೂ ಕೇಳಲಿಲ್ಲ.

ಒಂದು ಸಂಜೆ ಎಲ್ಲ ಪರದೆಗಳೂ ಒಟ್ಟಿಗೆ ಕಣ್ಣು ಮುಚ್ಚಿದವು.
ಕುರ್ಚಿ ಸರಿದ ಸದ್ದು, ಬೈಗುಳ, ಮೊಬೈಲಿನ ಬೆಳಕು.
ಹನಿತ್ರಿನಿಯಾಲ ಏಳಲಿಲ್ಲ. ಕೆಳಗಿನ ಭತ್ತದ ಗದ್ದೆಯಲ್ಲಿ
ವಟವಟ ಶುರುವಾಗಿತ್ತು.
ಬೆರಳು ಮಡಿಸಿ ಎಣಿಸಿದಳು: ಎರಡು ಜಾತಿ. ಅಲ್ಲ, ಮೂರು.
‘ಇವಕ್ಕೆ ಚೀಟಿ ಕೊಡುವವರು ಯಾರು?’ ಅಂದಳು.
ನಗಬೇಕೋ ಬೇಡವೋ ತಿಳಿಯದೆ ನಾನು ಮೇಣದಬತ್ತಿ ಹುಡುಕಿದೆ.

ಅವಳ ಪ್ರಬಂಧ ಹಸಿರು ರಟ್ಟು ಹಾಕಿಸಿಕೊಂಡು ಹೋಯಿತು.
ಆಮೇಲೆ ಬಂದವು ಹೊಸ ಯಂತ್ರಗಳು,
ಸಮುದ್ರದಾಚೆಯ ಯಾರದೋ ದಾನ.
ಭಾಷಣ, ಫೋಟೊ, ರಿಬ್ಬನ್ನು. ನಾನು ಕತ್ತರಿ ಹಿಡಿದುಕೊಟ್ಟೆ.
ಕೀಲಿಮಣೆ ಮಾತ್ರ ಇಂಗ್ಲಿಷರದು:
‘ಆ’ ಇದೆ, ಒಂದು ಮೆಟ್ಟಿಲು ಕೆಳಗಿಳಿದು ಕೂತಿದೆ,
ಅದರ ಹಳೆಯ ಮನೆಯಲ್ಲೀಗ ‘ಕ್ಯೂ’,
ನಮ್ಮ ಅಕ್ಷರಮಾಲೆಯಲ್ಲೇ ಇಲ್ಲದ್ದು.
ಬೆರಳುಗಳಿಗೆ ಇದನ್ನು ಯಾರು ಹೇಳಬೇಕು?
ತಿಂಗಳಿಡೀ ಬಾಗಿಲ ಹೊರಗೂ ಕ್ಯೂ,
ಒಳಗೆ ಎಲ್ಲರ ಹೆಸರಲ್ಲೂ ಕ್ಯೂ.

ಒಂಬತ್ತನ್ನು ಗೋದಾಮಿಗೆ ಹೊರುವ ಮುನ್ನ
ಆ ಕಡತವನ್ನು ನೀಲಿ ಪೆನ್‌ಡ್ರೈವಿಗೆ ಹಾಕಿದೆ,
ಅಜ್ಜಿಯ ಪಕ್ಕದಲ್ಲಿ. ನನ್ನ ಮೇಜಿನ ಖಾನೆಯಲ್ಲಿದೆ.

ಇವತ್ತು ಹಾಜರಿಗೆ ನನ್ನದೇ ಹೆಸರು ಹೊಡೆದೆ,
‘ಬ’ದ ಹಿಂದೆಯೇ ಕ್ಯೂ. ತಿದ್ದಿದೆ. ಮತ್ತೆ ಕ್ಯೂ.
ಮೂರನೆಯ ಸಲ ಹಾಗೇ ಬಿಟ್ಟು ಎದ್ದೆ,
ಹೊರಗೆ ಯಾರೋ ಚಪ್ಪಲಿಯ ಮಣ್ಣು ಒದರುತ್ತಿದ್ದರು.