ಅಳತೆ ಪುಸ್ತಕ

ಮೂವತ್ತೊಂದು ವರ್ಷದ ಹಿಂದೆ
ಗುರುಗಳು ಕೇಳಿದ್ದು ನನ್ನ ತೋಳಲ್ಲಿದ್ದ ಕೂಸನ್ನು,
ಉತ್ತರ ಹೇಳಿದ್ದು ನಾನು.
ಸೈತಾನನನ್ನು ತ್ಯಜಿಸುತ್ತೀಯಾ?
ತ್ಯಜಿಸುತ್ತೇನೆ.
ಅವನ ಆಡಂಬರಗಳನ್ನೆಲ್ಲಾ?
ತ್ಯಜಿಸುತ್ತೇನೆ, ಅಂದೆ. ಕೂಸು ನನ್ನ ಸರ ಎಳೆಯುತ್ತಿತ್ತು.
ಇನ್ನಾಸಿ ಎಂದು ಬರೆದರು, ತಾತನ ಹೆಸರು.
ಜ್ಞಾನತಾಯಿ: ಜಸಿಂತಮ್ಮ, ಹೊಲಿಗೆ, ಪೆನ್ಶನ್ ಮೊಹಲ್ಲಾ.
ನೀಲಿ ಶಾಯಿ. ಇವತ್ತಿಗೂ ಮಾಸಿಲ್ಲ.

ಮೊದಲ ಪರಮಪ್ರಸಾದದ ವರ್ಷ
ಹದಿನಾಲ್ಕು ಫ್ರಾಕು, ಒಂಬತ್ತು ಪ್ಯಾಂಟು ನನ್ನ ಪಾಲಿಗೆ.
ಸೊಂಟಕ್ಕೆ ಟೇಪು ಸುತ್ತಿದರೆ ಕಿವಿಯಲ್ಲಿ ಹೇಳಿತು:
"ದೊಡ್ಡಮ್ಮ, ನನಗೂ ಅದೇ. ಲೇಸಿಂದು."
ಗುಂಡುಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕೆ.
ಸಂಜೆ ಅವರಮ್ಮನಿಗೆ ಹೇಳಿದೆ.
ಅಲ್ಲಿಂದ ಶುರುವಾಯಿತು, ಸುಳ್ಳೇಕೆ.

ಹದಿನೇಳಕ್ಕೆ ಧ್ಯಾನಕೂಟ. ಮೂರು ರಾತ್ರಿ ಬಿಡುಗಡೆಯ ಪ್ರಾರ್ಥನೆ.
ಬೋಧಕ ತಲೆ ಹಿಡಿದ, ಅಪ್ಪ ಭುಜ,
ಕಾಲು ಹಿಡಿದವಳು ನಾನು.
ಹಿಮ್ಮಡಿ ಎಷ್ಟು ತಣ್ಣಗಿತ್ತು ಅಂತ
ಪಾಪನಿವೇದನೆಯಲ್ಲೂ ಹೇಳಿಲ್ಲ.
ಅದು ಪಾಪಗಳ ಪಟ್ಟಿಯಲ್ಲೇ ಇರಲಿಲ್ಲ.

ಮೊನ್ನೆ, ಬೀಜದ ಆಲೂಗಡ್ಡೆ ಲಾರಿಗಳು
ರಸ್ತೆ ತುಂಬಾ ನಿಂತಿದ್ದ ಮಧ್ಯಾಹ್ನ,
ಅಂಗಡಿಗೆ ಒಬ್ಬಳು ಬಂದಳು.
ಕಟ್ಟಿನಕೆರೆಯಲ್ಲಿ ತಗೊಂಡ ಮರೂನ್ ಬಟ್ಟೆ, ಒಂದು ಮೀಟರು.
"ಬ್ಲೌಸು, ದೊಡ್ಡಮ್ಮ. ಬೇರೆಯವರು ಮುಟ್ಟಿ ಅಳತೆ ತಗೊಳ್ಳಲ್ಲ."
ಹೆಸರು? ಕೇಳಿದೆ, ಪೆನ್ಸಿಲ್ ಹಿಡಿದು, ಗೊತ್ತಿಲ್ಲದವಳ ಹಾಗೆ.
"ವೆರೋನಿಕ."

ಚಿಕ್ಕಂದಿನಲ್ಲಿ ಶಿಲುಬೆಹಾದಿಯ ಆರನೇ ಚಿತ್ರದ ಕೆಳಗೆ
ಮುಂದೆ ಬಾರದೆ ನಿಂತುಬಿಡುತ್ತಿತ್ತು.
ಬಟ್ಟೆ ಹಿಡಿದ ಹೆಂಗಸು, ಬಟ್ಟೆಯಲ್ಲಿ ಒದ್ದೆ ಮುಖ.
ಕೈಹಿಡಿದು ಎಳೆಯುತ್ತಿದ್ದವಳು ನಾನೇ
ಏಳನೆಯದಕ್ಕೆ, ಅಲ್ಲಿ ಬೀಳುವುದಿದೆ.

ಪಾಲನಾ ಸಮಿತಿಯವರು ಕರೆಸಿದರು.
ನೀವು ಜ್ಞಾನತಾಯಿ, ನೀವೇ ಹೇಳಿ ಅವನಿಗೆ,
ಹೆಂಗಸರ ಸಾಲಿನಲ್ಲಿ ಕೂರುವುದು ಬೇಡ,
ಮಕ್ಕಳು ನೋಡುತ್ತವೆ.
ಗುರುಗಳು ಒಳ್ಳೆಯವರು, ಚಹಾ ತರಿಸಿದರು,
ಕನ್ನಡಕ ಒರೆಸುತ್ತಾ ಮೆಲ್ಲಗೆ ಅಂದರು:
ಪ್ರೀತಿ ಇದೆಯಮ್ಮ. ಆದರೆ ಇಂಥದ್ದು
ಶುಭಸಂದೇಶದಲ್ಲಿ ಎಲ್ಲೂ ಇಲ್ಲವಲ್ಲ.

ವೆರೋನಿಕಳೂ ಇಲ್ಲ, ಫಾದರ್.
ನಾಲ್ಕು ಪುಸ್ತಕ ತಿರುವಿದರೂ ಆ ಹೆಸರಿಲ್ಲ.
ಗೋಡೆ ಮೇಲಿದ್ದಾಳೆ, ಮಂಡಿಯೂರುತ್ತೇವೆ.
ಇದು ಹೊಳೆದದ್ದು ಮನೆಗೆ ಬಂದು ಅಕ್ಕಿ ಆರಿಸುವಾಗ.
ಅಲ್ಲಿ ನನ್ನ ಬಾಯಿಂದ ಬಂದದ್ದು,
"ನೋಡೋಣ ಫಾದರ್."

ಅಳತೆ ಪುಸ್ತಕದ ಹಳೇ ಪುಟ ಹುಡುಕಿದೆ.
ಇನ್ನಾಸಿ. ಎದೆ ಇಪ್ಪತ್ತಮೂರು. ಬಿಳಿ ಪ್ಯಾಂಟು.
ನಮ್ಮದು ಪೆನ್ಸಿಲ್ಲು. ಮೈ ಇದ್ದ ಹಾಗೇ ಇರುತ್ತದೆಂದು
ನಂಬಿದ ದರ್ಜಿಯನ್ನು ನಾನು ಕಂಡಿಲ್ಲ.
ರಬ್ಬರ್ ಇಟ್ಟೆ. ತೆಗೆದೆ.
ಅಳಿಸಿದರೆ ನನ್ನ ಕೈಯೂ ಅಳಿಸಿ ಹೋದೀತು,
ಆ ಕಾಲು ಹಿಡಿದದ್ದು.
ಪಕ್ಕದಲ್ಲೇ ಹೊಸದನ್ನು ಬರೆದೆ.

ಬ್ಲೌಸು ನಾಳೆಗೆ. ಒಂದು ತೋಳು ಬಾಕಿ.
ಒಳಗೆ ಎರಡೂ ಕಡೆ ಒಂದಿಂಚು ಬಟ್ಟೆ ಬಿಟ್ಟಿದ್ದೇನೆ,
ಬೇಕಾದಾಗ ಬಿಚ್ಚಿ ಅಗಲ ಮಾಡಿಕೊಳ್ಳಲಿ.
ಭಾನುವಾರ ಯಾವ ಸಾಲು ಅಂತ ಅವಳು ಕೇಳಿಲ್ಲ.
ಕೇಳುವವರು ಬೇರೆ ಇದ್ದಾರೆ.
ಅವಳ ಬದಲು ಉತ್ತರ ಹೇಳಿ ನನಗೆ ಹಳೇ ಅಭ್ಯಾಸ,
ಈ ಸಲ ಮಾತ್ರ
ಬಾಯಿಂದ ಸೂಜಿ ತೆಗೆದಿಟ್ಟು ಹೇಳಬೇಕು.